ಬಸುರಿ ಗಂಡ ಸಮುದ್ರಕ್ಕೆ ಇಳಿಯಬಾರದಂತೆ

ನಾನು ಬಸುರಿ. ನಾನೂ ನನ್ನ ಗಂಡನೂ ಕುಂದಾಪುರಕ್ಕೆ ಹೋಗಿಬರೋಣ ಅಂತ ಟಿಕೆಟ್ ಬುಕ್ ಮಾಡಿ ಮೂರು ದಿನ ಆದ ಮೇಲೆ ಅತ್ತೆಗೆ ವಿಷಯ ಹೇಳಿದೆವು. ಮೊದಲೇ ಹೇಳಿದ್ದರೆ ಬುಕ್ ಆಗುತ್ತಲೇ ಇರಲಿಲ್ಲ. ಅವರು ಹಿತಕಿದ ಬೇಳೆಗೆ ಅಂತ ನೆನೆಸಿಟ್ಟ ಅವರೆಕಾಳು ಹಿಸುಕುತ್ತಾ ಕೂತಿದ್ದರು. ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು, "ಹೊಳೆ ದಾಟ್ಬೇಕಾ?"

ಯಶವಂತಪುರದಲ್ಲಿ ರೈಲು ಹತ್ತಿ ಕುಂದಾಪುರದಲ್ಲಿ ಇಳಿಯಬೇಕು ಅಂದರೆ ನೇತ್ರಾವತಿಯಿಂದ ಹಿಡಿದು ಸೀತಾನದಿವರೆಗೆ ದಾಟುವುದೆಲ್ಲ ಹೊಳೆಯೇ. ಇವರು, "ಸೇತುವೆ ಮೇಲೆ ಹೋಗ್ತೀವಮ್ಮ, ನೀರಿಗೆ ಇಳಿಯಲ್ಲ" ಅಂದರು. ಅತ್ತೆ ಒಂದು ಕ್ಷಣ ಯೋಚಿಸಿದರು. ಸೇತುವೆಗೆ ಶಾಸ್ತ್ರದಲ್ಲಿ ಏನಿದೆಯೋ ಗೊತ್ತಾಗಲಿಲ್ಲ ಅನಿಸುತ್ತೆ. ಆಮೇಲೆ ಮಗನ ಕಡೆ ತಿರುಗಿದರು. "ಅವಳದು ಬಿಡು. ನೀನು ಮಾತ್ರ ಸಮುದ್ರಕ್ಕೆ ಇಳೀಬೇಡ. ಬಸುರಿ ಗಂಡ ಸಮುದ್ರ ಸ್ನಾನ ಮಾಡ್ಬಾರ್ದು, ಮರ ಕಡೀಬಾರ್ದು, ಹೆಣ ಹೊರ್ಬಾರ್ದು."

ಐದು ತಿಂಗಳಿಂದ ಮನೆಯಲ್ಲಿ ಇದ್ದ ನಿಯಮವೆಲ್ಲ ನನಗೇ. ಪರಂಗಿ ಹಣ್ಣು ಬೇಡ, ಅನಾನಸ್ ಬೇಡ, ಹೊಸ್ತಿಲ ಮೇಲೆ ಕೂರಬೇಡ, ಗ್ರಹಣದ ದಿನ ಹೊರಗೆ ಬರಬೇಡ. ಮೊದಲ ಸಲ ಒಂದು ನಿಯಮ ಇವರ ತಲೆಗೂ ಬಂತು. ನಿಜ ಹೇಳಬೇಕೆಂದರೆ, ನನ್ನ ರಜೆ ಆ ಕ್ಷಣದಲ್ಲೇ ಶುರುವಾಯಿತು.

ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಮೊದಲ ಮೂರು ತಿಂಗಳು ನೋಟಿನ ವಾಸನೆಗೇ ವಾಂತಿ ಬರುತ್ತಿತ್ತು. ಎಣಿಸುತ್ತಾ ಎಣಿಸುತ್ತಾ ಎದ್ದು ಓಡುತ್ತಿದ್ದೆ, ವಾಪಸ್ ಬಂದು ಮತ್ತೆ ಒಂದರಿಂದ ಎಣಿಸುತ್ತಿದ್ದೆ. ನಾಲ್ಕನೇ ತಿಂಗಳ ಕೊನೆಗೆ ವಾಂತಿ ನಿಂತಿತು, ಹಸಿವು ಬಂತು, ಮುಖಕ್ಕೆ ಸ್ವಲ್ಪ ಕಳೆ ಬಂತು. ಆಗ ಪಕ್ಕದ ಕೌಂಟರಿನ ಹುಡುಗಿ "ಬೇಬಿಮೂನ್ ಹೋಗ್ಬನ್ನಿ ಅಕ್ಕ" ಅಂದಳು. ಆ ಪದ ಕೇಳಿ ನಾನು ಅದು ಯಾವುದೋ ಮಕ್ಕಳ ಪೌಡರಿನ ಹೆಸರು ಅಂದುಕೊಂಡಿದ್ದೆ. ಮಗು ಹುಟ್ಟುವ ಮೊದಲು ಗಂಡ ಹೆಂಡತಿ ಇಬ್ಬರೇ ಹೋಗಿಬರುವ ಪ್ರವಾಸವಂತೆ.

ಇವರು ಒಂದು ಸಲಹೆ ಕೊಟ್ಟರು. ಹೆರಿಗೆ ರಜೆಯಲ್ಲೇ ಒಂದು ವಾರ ಮುರಿದುಕೊಂಡು ಹೋದರೆ ಹೇಗೆ ಅಂತ. ಗಂಡಸರ ಲೆಕ್ಕ ನೋಡಿ! ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಸಿಗುತ್ತದೆ. ಹೆರಿಗೆಗೆ ಮುಂಚೆ ಅದರಲ್ಲಿ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ನಾನಿನ್ನೂ ಅಷ್ಟು ಹತ್ತಿರಕ್ಕೂ ಬಂದಿರಲಿಲ್ಲ. ಬಂದಿದ್ದರೂ ಅದರಲ್ಲಿ ಒಂದು ದಿನ ಕೂಡ ನಾನು ಬಿಡುವವಳಲ್ಲ. ಅದೆಲ್ಲ ಮಗು ಬಂದ ಮೇಲೆ ಬೇಕು. ಬ್ಯಾಂಕಿಗೆ ನಾಲ್ಕನೇ ಶನಿವಾರ ರಜೆ. ಶುಕ್ರವಾರ, ಸೋಮವಾರ, ಮಂಗಳವಾರ ಮೂರು ಸಿಎಲ್ ಹಾಕಿದರೆ ಐದು ದಿನ ಆಯಿತು. ಅಷ್ಟು ಸಾಕು.

ಡಾಕ್ಟರಮ್ಮನ ಹತ್ತಿರ ಕೇಳಿದಾಗ ಅವರು ಮೊದಲು ನೋಡಿದ್ದು ಇಪ್ಪತ್ತನೇ ವಾರದ ಸ್ಕ್ಯಾನ್ ರಿಪೋರ್ಟ್. ಪ್ಲಸೆಂಟಾ (ಮಾಸು) ಕೆಳಗೆ ಇಳಿದಿಲ್ಲ, ಗರ್ಭಕೋಶದ ಬಾಯಿ ಗಿಡ್ಡವಾಗಿಲ್ಲ, ಬಿಪಿ ಸರಿ ಇದೆ, ಒಂದೇ ಮಗು. "ಹೋಗುವುದಿದ್ದರೆ ಇದೇ ಸಮಯ. 28 ವಾರದ ಒಳಗೆ ಹೋಗಿ ಬಂದುಬಿಡಿ, ಆಮೇಲೆ ನಿಮಗೇ ಏಳುವುದು ಕೂರುವುದು ಕಷ್ಟ ಆಗುತ್ತೆ" ಅಂದರು. ವಿಮಾನದಲ್ಲಾದರೂ ಪರವಾಗಿಲ್ಲ, ಕಾರಾದರೂ ಪರವಾಗಿಲ್ಲ, ಆದರೆ ಎರಡು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರಬಾರದು, ಎದ್ದು ಓಡಾಡಬೇಕು ಅಂದರು. ಬಸುರಿಯರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಉಳಿದವರಿಗಿಂತ ಜಾಸ್ತಿ ಅಂತೆ.

ಕೊನೆಗೆ ಇನ್ನೊಂದು ಮಾತು ಹೇಳಿದರು. ನನ್ನ ರಕ್ತ ಓ ನೆಗೆಟಿವ್, ಇವರದು ಪಾಸಿಟಿವ್. ಎಲ್ಲಾದರೂ ಬಿದ್ದು ಹೊಟ್ಟೆಗೆ ಪೆಟ್ಟಾದರೆ ಅಥವಾ ರಕ್ತ ಕಂಡರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು, ಮಗುವಿನ ರಕ್ತ ಪಾಸಿಟಿವ್ ಇದ್ದರೆ ನನ್ನ ಮೈ ಅದರ ವಿರುದ್ಧ ತಿರುಗಿಬೀಳದ ಹಾಗೆ. "ಯಾವ ಆಸ್ಪತ್ರೆಗೆ ಹೋದರೂ ಮೊದಲು ಬ್ಲಡ್ ಗ್ರೂಪ್ ಹೇಳಿ, ಆಮೇಲೆ ನಿಮ್ಮ ಹೆಸರು ಹೇಳಿ" ಅಂದರು. ಇವರು ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು. ಅದರ ಕೆಳಗೆ ಕುಂದಾಪುರದಿಂದ ದೊಡ್ಡ ಆಸ್ಪತ್ರೆ ಇರುವ ಮಣಿಪಾಲಕ್ಕೆ ಸುಮಾರು 40 ಕಿ.ಮೀ. ಅಂತಲೂ ಬರೆದರು. ಹನಿಮೂನಿಗೆ ಹೋಗುವಾಗ ಊಟಕ್ಕೆ ಹೋಟೆಲ್ ಯಾವುದಿದೆ ಅಂತ ಹುಡುಕಿದ್ದ ಮನುಷ್ಯ ಇವರು.

ಊರು ಆರಿಸುವುದೇ ದೊಡ್ಡ ಕೆಲಸ ಆಯಿತು. ಮಡಿಕೇರಿಯ ತಿರುವು ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತಿತ್ತು. ಚಿಕ್ಕಮಗಳೂರಿನಲ್ಲಿ ಚೆಂದದ ಎಸ್ಟೇಟ್ ಮನೆಗಳಿವೆ, ಆದರೆ ಫೋನ್ ಮಾಡಿ ಕೇಳಿದರೆ ಕೊನೆಯ ಎರಡು ಮೂರು ಕಿಲೋಮೀಟರ್ ಜೀಪಿನಲ್ಲೇ ಬರಬೇಕು ಅನ್ನುತ್ತಾರೆ. ಆ ಜೀಪಿನಲ್ಲಿ ಹೋದರೆ ಮಗು ಅಲ್ಲೇ ಹುಟ್ಟೀತು. ಕೊನೆಗೆ ಕುಂದಾಪುರ ಅಂತ ಆಯಿತು. ಕಾರಣ ಸಮುದ್ರವೂ ಅಲ್ಲ, ದೇವಸ್ಥಾನವೂ ಅಲ್ಲ. ರೈಲಿನಲ್ಲಿ ಟಾಯ್ಲೆಟ್ ಇದೆ, ಎದ್ದು ಓಡಾಡಬಹುದು, ಅಷ್ಟೇ. ಕಾರವಾರದ ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆ ಅಂತ ಗೊತ್ತಾದ ಮೇಲೆ ಇವರೂ ಖುಷಿಯಾದರು.

ಬೆಳಗ್ಗೆ ಏಳಕ್ಕೆ ಯಶವಂತಪುರ ಬಿಟ್ಟೆವು. ಬೋಗಿಯಲ್ಲಿ 44 ಕುರ್ಚಿ, ಎಲ್ಲವೂ ತಿರುಗುತ್ತವೆ. ಕುಣಿಗಲ್ ಬರುವ ಹೊತ್ತಿಗೆ ಮಕ್ಕಳೆಲ್ಲ ಕುರ್ಚಿ ತಿರುಗಿಸಿ ತಿರುಗಿಸಿ ಸುಸ್ತಾಗಿದ್ದರು. ನಾನು ಬೇರೆ ಲೆಕ್ಕದಲ್ಲಿದ್ದೆ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು. ಅಲುಗಾಡುವ ರೈಲಿನಲ್ಲಿ, ಒದ್ದೆ ನೆಲದ ಮೇಲೆ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಚೂಡಿದಾರ ಎತ್ತಿ ನಿಲ್ಲುವುದು ಸರ್ಕಸ್. ಹಾಸನದವರೆಗೆ ಮೂರು ಸಲ ಹೋದೆ. ಆಮೇಲೆ ಜಾಣತನ ಮಾಡಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಈ ಜಾಣತನದ ಬಿಲ್ಲು ಸಂಜೆ ಬಂತು, ಹೇಳುತ್ತೇನೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ರೈಲು ಅಲ್ಲಿ ಮದುವಣಗಿತ್ತಿ ಹಾಗೆ ನಡೆಯುತ್ತದೆ. ಒಂದೊಂದು ಸುರಂಗ ಬಂದಾಗಲೂ ಇಡೀ ಬೋಗಿ ಒಟ್ಟಿಗೆ ಕೂಗುತ್ತದೆ. ಮೊದಲ ಹತ್ತು ಸುರಂಗದವರೆಗೆ ನಾನೂ ಕೂಗಿದೆ. ಆಮೇಲೆ ಹಿಂದಿನ ಸೀಟಿನ ಅಜ್ಜ ಒಬ್ಬರು, "ಮಗೂಗೆ ಹೆದರಿಕೆ ಆದೀತು, ನೀನು ಕೂಗ್ಬೇಡಮ್ಮ" ಅಂದರು. ಉಳಿದ 43 ಜನ ಕೂಗಿದ್ದು ಮಗುವಿಗೆ ಕೇಳಿಸುವುದಿಲ್ಲವೇ ಅಂತ ಕೇಳೋಣ ಅನಿಸಿತು. ಕೇಳಲಿಲ್ಲ. ಅಷ್ಟರಲ್ಲಿ ಎಡಕುಮರಿ ದಾಟಿತ್ತು. ಕೆಳಗೆ ಕಾಡು, ಬಂಡೆಯ ಮಧ್ಯೆ ಸಣ್ಣ ತೊರೆ, ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಗಾಜಿನ ಚಾವಣಿಯಲ್ಲಿ ಮರದ ಕೊಂಬೆಗಳು ಓಡುತ್ತಿದ್ದವು. ಆ ಎರಡು ಗಂಟೆ ನಾನು ಬಸುರಿ ಅನ್ನುವುದೇ ಮರೆತುಹೋಗಿತ್ತು. ಅದಕ್ಕೇ ಇರಬೇಕು, ಕ್ಯಾಲ್ಸಿಯಂ ಮಾತ್ರೆಯೂ ಮರೆತೆ.

ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿಯುವಾಗ ಸಂಜೆ ಆಗಿತ್ತು. ಆಟೋದವನಿಗೆ ಇವರು ಕಿವಿಯಲ್ಲಿ ಏನೋ ಹೇಳಿದರು. ಅವನು ನನ್ನ ಹೊಟ್ಟೆ ನೋಡಿ, "ಹೆದ್ರಬೇಡಿ ಅಕ್ಕ" ಅಂದು, ತಲೆ ಮೇಲೆ ಮೊಸರಿನ ಗಡಿಗೆ ಹೊತ್ತವನ ಹಾಗೆ ಆಟೋ ಓಡಿಸಿದ. ಪ್ರತಿ ಹಂಪ್‌ಗೂ ಮೊದಲೇ "ಹಂಪ್ ಅಕ್ಕ" ಅಂತ ಘೋಷಣೆ ಬೇರೆ. ಅಷ್ಟು ಮರ್ಯಾದೆ ನನಗೆ ಮದುವೆ ಮಂಟಪದಲ್ಲೂ ಸಿಕ್ಕಿರಲಿಲ್ಲ.

ನಾವು ಆನ್‌ಲೈನಿನಲ್ಲಿ ಬುಕ್ ಮಾಡಿದ್ದು ಸಮುದ್ರದ ಪಕ್ಕದ ಒಂದು ಕಾಟೇಜ್. ಫೋಟೋದಲ್ಲಿ ತೂಗುಮಂಚ, ತೆಂಗಿನ ಮರ, ಬಿಳಿ ಪರದೆ ಎಲ್ಲಾ ಇತ್ತು. ಮೆಟ್ಟಿಲು ಮಾತ್ರ ಇರಲಿಲ್ಲ. ರಸ್ತೆಯಿಂದ ಕೆಳಗೆ ಕಾಟೇಜಿಗೆ ಇಳಿಯಲು ಮುರಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ, ಹಿಡಿಯಲು ಕಂಬಿ ಇಲ್ಲ, ಪಾಚಿ ಬೇರೆ. ಎಣಿಸಿದೆ, 38. ಬುಕ್ ಮಾಡುವಾಗ ಫೋನಿನಲ್ಲಿ "ಹೆಂಡತಿ ಆರು ತಿಂಗಳ ಬಸುರಿ" ಅಂತ ಇವರು ಹೇಳಿದ್ದರು. ಅಲ್ಲಿದ್ದ ಹುಡುಗ, "ನಿಧಾನ ಇಳೀರಿ ಮೇಡಂ, ಎಲ್ಲರೂ ಇಳೀತಾರೆ" ಅಂದ. ನನ್ನ ತಲೆಯಲ್ಲಿ ಓ ನೆಗೆಟಿವ್, 72 ಗಂಟೆ, 40 ಕಿಲೋಮೀಟರ್ ಅಂತ ಸುತ್ತುತ್ತಿತ್ತು. ಇವರು ಮುಂದೆ ಒಂದು ಮೆಟ್ಟಿಲು ಕೆಳಗೆ, ನಾನು ಅವರ ಹೆಗಲ ಮೇಲೆ ಎರಡೂ ಕೈ ಇಟ್ಟು. ಹಾಗೇ ಇಳಿದೆವು.

ಇಳಿದು ಮಂಚದ ಮೇಲೆ ಕೂತ ಮೇಲೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ನೋವಿಲ್ಲ, ಆದರೆ ಯಾರೋ ಒಳಗಿಂದ ಹಗ್ಗ ಬಿಗಿದ ಹಾಗೆ. ಅರ್ಧ ನಿಮಿಷ ಇದ್ದು ಸಡಿಲ ಆಯಿತು. ಕಾಲು ಗಂಟೆ ಬಿಟ್ಟು ಮತ್ತೆ. ಇವರ ಮುಖ ಬಿಳಿಚಿಕೊಂಡಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಇವತ್ತು ಎಷ್ಟು ನೀರು ಕುಡಿದಿದ್ದೀರಿ?" ನಾನು ಸುಮ್ನೆ ಕೂತೆ. ಮೈಯಲ್ಲಿ ನೀರು ಕಡಿಮೆಯಾದರೆ ಹೀಗೆ ಹುಸಿ ಬಿಗಿತ ಬರುತ್ತದಂತೆ. ಎರಡು ದೊಡ್ಡ ಲೋಟ ನೀರು ಕುಡಿದು ಎಡಕ್ಕೆ ಹೊರಳಿ ಮಲಗಿ, ಒಂದು ಗಂಟೆ ನೋಡಿ, ಒಂದೇ ಗಂಟೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಬಂದರೆ, ನೋವು ಬಂದರೆ, ನೀರು ಅಥವಾ ರಕ್ತ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂದರು. ಇವರು ಗಡಿಯಾರ ಹಿಡಿದು ಕೂತರು. ಇನ್ನೊಂದು ಸಲ ಬಂತು, ಆಮೇಲೆ ಬರಲಿಲ್ಲ. ಹೊರಗೆ ಸಮುದ್ರ ಭೋರ್ಗರೆಯುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಬಂದ ಸಮುದ್ರವನ್ನು ಆ ರಾತ್ರಿ ನಾವಿಬ್ಬರೂ ನೋಡಲೇ ಇಲ್ಲ.

ಬೆಳಗ್ಗೆ ಆ 38 ಮೆಟ್ಟಿಲು ಹತ್ತಿ ಹೊರಟೆವು. ಮುಂಗಡ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಜಗಳ ಆಡುವ ಶಕ್ತಿ ನನಗಿರಲಿಲ್ಲ, ಇವರಿಗೆ ಅಭ್ಯಾಸ ಇಲ್ಲ.

ಹಿಂದಿನ ದಿನದ ಆಟೋದವನೇ ಮತ್ತೆ ಬಂದ. ವಿಷಯ ಕೇಳಿ ಅವನಿಗೇ ಸಿಟ್ಟು ಬಂತು. ಅವನಿಗೆ ಗೊತ್ತಿದ್ದ ಒಬ್ಬರು ಮನೆಯಲ್ಲೇ ಎರಡು ರೂಮು ಬಾಡಿಗೆಗೆ ಕೊಡುತ್ತಾರಂತೆ. ಹೊಳೆ ದಂಡೆಯ ಹಂಚಿನ ಮನೆ, ರಸ್ತೆ ಮಟ್ಟಕ್ಕೇ ಅಂಗಳ, ಒಂದೇ ಮೆಟ್ಟಿಲು. ನಾನು ಕೇಳಿದ್ದು ಮೂರೇ. ಕಮೋಡ್ ಇದೆಯಾ, ಸೊಳ್ಳೆ ಪರದೆ ಇದೆಯಾ, ರಾತ್ರಿ ಯಾರಾದರೂ ಮನೆಯಲ್ಲಿ ಇರುತ್ತಾರಾ. ಕರಾವಳಿಯ ಸೊಳ್ಳೆ ಸುಮ್ಮನೆ ಅಲ್ಲ. ಮಲೇರಿಯಾ ಬಸುರಿಯರಿಗೆ ತುಂಬಾ ಅಪಾಯ. ಮೂರಕ್ಕೂ "ಹೌದು" ಅಂತ ಉತ್ತರ ಬಂತು. ಫೋಟೋ ಕೂಡ ನೋಡದೆ ಒಪ್ಪಿಕೊಂಡೆವು.

ಮನೆಯ ಅಮ್ಮನಿಗೆ ಅತ್ತೆಯಷ್ಟೇ ವಯಸ್ಸು. ಬಾಗಿಲಲ್ಲೇ, "ಎಷ್ಟ್ ತಿಂಗ್ಳ್ ಆಯ್ತ್ ಹೆಣೆ?" ಅಂದರು. ನಾನು ಐದು ತುಂಬಿ ಆರು ಅಂದೆ. ಹೊಟ್ಟೆ ಒಂದು ಸಲ ನೋಡಿದರು, ಅಲ್ಲಿಗೆ ಮುಗಿಯಿತು. ಗಂಡೋ ಹೆಣ್ಣೋ ಅಂತ ಊಹೆ ಮಾಡಲಿಲ್ಲ, ಏನು ತಿನ್ನಬೇಕು ಅಂತ ಪಾಠ ಮಾಡಲಿಲ್ಲ. ನಾನು ಕೈಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಹಿಡಿದುಕೊಂಡಿದ್ದೆ. ಆನೆಗುಡ್ಡೆ, ಕೊಲ್ಲೂರು, ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರವಂತೆ. ಅಮ್ಮ ಅದನ್ನು ಕೇಳಿ, "ಎಂತ ಕಾಂಬುಕ್ ಅಷ್ಟೆಲ್ಲ? ಹೊಳಿ ಇತ್ತಲ್ದಾ, ಕಾಣ್" ಅಂದು ಒಳಗೆ ಹೋದರು.

ಇಲ್ಲಿ ಒಂದು ಮಾತು. ಕುಂದಾಪುರದ ಕನ್ನಡದಲ್ಲಿ "ಇತ್ತ್" ಅಂದರೆ "ಇದೆ". ಹಾಸನದ ಕಡೆಯವಳಾದ ನನಗೆ ಅದು ಹಳೆಯ ಕಥೆ ಹೇಳಿದ ಹಾಗೆ ಕೇಳುತ್ತಿತ್ತು. ಹೊಳಿ ಇತ್ತ್, ಗಂಜಿ ಇತ್ತ್, ಬಿಸಿನೀರ್ ಇತ್ತ್. ಮೊದಲ ದಿನ ಬಿಸಿನೀರು ಖಾಲಿಯಾಯಿತು ಅಂದುಕೊಂಡು ತಣ್ಣೀರಲ್ಲೇ ಸ್ನಾನ ಮಾಡಿದೆ.

ಆ ಹೊಳೆಗೆ ಪಂಚಗಂಗಾವಳಿ ಅಂತ ಹೆಸರು. ಸೌಪರ್ಣಿಕಾ, ಚಕ್ರಾ, ಕೇದಕಾ, ಕುಬ್ಜಾ, ವಾರಾಹಿ, ಐದೂ ಸೇರಿ ಗಂಗೊಳ್ಳಿಯ ಹತ್ತಿರ ಸಮುದ್ರಕ್ಕೆ ಬೀಳುತ್ತವೆ. ಅಳಿವೆ ಹತ್ತಿರ ಇರುವುದರಿಂದ ನೀರು ಉಪ್ಪು, ಮಧ್ಯೆ ಮಧ್ಯೆ ತೆಂಗು ತುಂಬಿದ ಕುದ್ರುಗಳು, ಅಂದರೆ ಹೊಳೆಯೊಳಗಿನ ಸಣ್ಣ ದ್ವೀಪಗಳು. ಜಗಲಿಯ ಮೇಲೆ ಒಂದು ಹಳೆಯ ಆರಾಮ ಕುರ್ಚಿ ಇತ್ತು. ಬೆನ್ನಿಗೊಂದು ದಿಂಬು, ಕಾಲಡಿ ಒಂದು ಮಣೆ. ಮೊದಲ ಒಂದು ಗಂಟೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಮೊಬೈಲ್ ತೆಗೆದೆ, ಇಟ್ಟೆ. ಮಗುವಿನ ತೊಟ್ಟಿಲಿನ ರೇಟು ನೋಡಿದೆ. ಬ್ಯಾಂಕಿನ ಗ್ರೂಪಿನಲ್ಲಿ ಯಾರದೋ ಪ್ರಶ್ನೆಗೆ ಉತ್ತರ ಕೊಟ್ಟೆ. ಆರಾಮ ಮಾಡುವುದನ್ನೂ ಕೆಲಸದ ಹಾಗೆ ಮಾಡಲು ಹೊರಟಿದ್ದೆ.

ಆಮೇಲೆ ಒಂದು ತೆಂಗಿನ ಕಾಯಿ ಕಣ್ಣಿಗೆ ಬಿತ್ತು. ಹೊಳೆಯಲ್ಲಿ ತೇಲುತ್ತಾ ಎಡದಿಂದ ಬಲಕ್ಕೆ, ಸಮುದ್ರದ ಕಡೆಗೆ ಹೋಗುತ್ತಿತ್ತು. ಹೋಗ್ತಾ ಹೋಗ್ತಾ ನಿಂತಿತು. ತುಂಬಾ ಹೊತ್ತು ಅಲ್ಲೇ ಇತ್ತು. ನಾನು ಊಟ ಮುಗಿಸಿ ಬಂದು ನೋಡಿದರೆ ಅದೇ ಕಾಯಿ ಬಲದಿಂದ ಎಡಕ್ಕೆ ವಾಪಸ್ ಬರುತ್ತಿತ್ತು. ಹೊಳೆ ಹಿಂದಕ್ಕೆ ಹರಿಯುತ್ತಿತ್ತು! ಉಬ್ಬರ ಬಂದಾಗ ಸಮುದ್ರದ ನೀರು ಒಳಗೆ ನುಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ, ಆದರೆ ನೀರಿಗೂ ಹೀಗೆ ಮನಸ್ಸು ಬದಲಾಗುವುದನ್ನು ನೋಡಿರಲಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಳಿತದಲ್ಲಿ ಕೆಸರು ಮೇಲೆ ಬರುತ್ತದೆ, ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕಲು ಇಳಿಯುತ್ತಾರೆ, ಕೊಕ್ಕರೆಗಳು ಅವರ ಹಿಂದೆ. ಎರಡನೇ ದಿನದಿಂದ ನನಗೆ ಗಡಿಯಾರವೇ ಬೇಕಾಗಲಿಲ್ಲ. ನೀರು ಹೊಳೆಗೆ ಇಳಿಯುವ ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ. ಇವರು ನಗುತ್ತಿದ್ದರು. ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಅದಕ್ಕೆ ಕಾಫಿಗೂ ಉಬ್ಬರದ ಲೆಕ್ಕವೇ.

ಊಟದ ವಿಷಯ ಬರೆದರೆ ಮುಗಿಯುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಚೂರು ಬೆಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ. ಮೊದಲ ದಿನ ಅಮ್ಮ ನನಗೋಸ್ಕರ ಅಂಜಲ್ ತಂದಿದ್ದರು. ಅಲ್ಲಿ ಅದು ದೊಡ್ಡ ಮರ್ಯಾದೆಯ ಮೀನು, ದುಬಾರಿ. ಡಾಕ್ಟರಮ್ಮ ಬೇಡ ಅಂದಿದ್ದರು. ಬೇರೆ ಮೀನು ತಿಂದು ದೊಡ್ಡದಾಗುವ ಮೀನುಗಳಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ, ಬಂಗುಡೆ, ಬೂತಾಯಿ ಆದರೆ ಒಳ್ಳೆಯದು ಅಂತ. ಹೇಗೆ ಹೇಳುವುದು ಅಂತ ಒದ್ದಾಡಿ ಕೊನೆಗೆ ಹೇಳಿಯೇಬಿಟ್ಟೆ. ಅಮ್ಮ ಒಂಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಅಂಜಲ್ ಪೂರ್ತಿ ಇವರ ತಟ್ಟೆಗೆ ಹೋಯಿತು. ಮರುದಿನದಿಂದ ಬಂಗುಡೆ. ಘೀ ರೋಸ್ಟ್ ಹುಟ್ಟಿದ ಊರಿಗೆ ಬಂದು ತಿನ್ನದೆ ಹೋಗುವುದು ಹೇಗೆ ಅಂತ ಒಂದು ರಾತ್ರಿ ಚಿಕನ್ ಘೀ ರೋಸ್ಟ್ ತರಿಸಿಕೊಂಡೆ. ಅದರ ರುಚಿ ಹತ್ತು ನಿಮಿಷ, ಎದೆಯುರಿ ಬೆಳಗಿನ ಜಾವದವರೆಗೆ. ತಪ್ಪು ನನ್ನದೇ. ಇನ್ನೊಂದು ಸಲ ಹೋದರೂ ತಿನ್ನುತ್ತೇನೆ.

ಭಾನುವಾರ ಮಧ್ಯಾಹ್ನ ಅಮ್ಮ, "ಇವತ್ತ್ ರಾತ್ರಿ ಆಟ ಇತ್ತ್" ಅಂದರು. ನಾನು ಕ್ರಿಕೆಟ್ ಮ್ಯಾಚು, ಅದೂ ಮುಗಿದುಹೋಗಿದೆ ಅಂತ ತಿಳಿದು "ಯಾರು ಗೆದ್ದರು?" ಅಂತ ಕೇಳಿದೆ. ಅಮ್ಮ ನಕ್ಕು ನಕ್ಕು ಸುಸ್ತಾದರು. ಆಟ ಅಂದರೆ ಯಕ್ಷಗಾನ. ನವೆಂಬರಿನಿಂದ ಮೇ ವರೆಗೆ ಮೇಳಗಳು ತಿರುಗಾಟದಲ್ಲಿರುತ್ತವೆ. ಯಾರೋ ಹರಕೆ ಹೊತ್ತವರು ಗದ್ದೆಯಲ್ಲಿ ಆಡಿಸುತ್ತಿದ್ದರು. ಹೋಗಿ ಒಂದು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೊಂಟ ನೋಯಲು ಶುರುವಾದ ಮೇಲೆ ಎದ್ದು ಬಂದೆವು. ಆದರೆ ಆಟ ನಮ್ಮ ಹಿಂದೆಯೇ ಮನೆಗೆ ಬಂತು. ಮೈಕಿನಲ್ಲಿ ಭಾಗವತರ ಹಾಡು, ಚೆಂಡೆ ಸದ್ದು, ಗದ್ದೆ ದಾಟಿ ನೇರ ಮಂಚಕ್ಕೆ. ಚೆಂಡೆ ಬಿರುಸಾದ ಹಾಗೆಲ್ಲ ಒಳಗಿನವರೂ ಕುಣಿಯಲು ಶುರು ಮಾಡಿದರು. ನನ್ನ ಪ್ಲಸೆಂಟಾ ಗರ್ಭಕೋಶದ ಮುಂದಿನ ಗೋಡೆಗೆ ಅಂಟಿಕೊಂಡಿದೆ. ಅದು ದಿಂಬಿನ ಹಾಗೆ ಅಡ್ಡ ಇರುವುದರಿಂದ ಒದೆತ ಹೊರಗೆ ಬೇಗ ಗೊತ್ತಾಗುವುದಿಲ್ಲ ಅಂತ ಸ್ಕ್ಯಾನ್ ಮಾಡಿದವರು ಹೇಳಿದ್ದರು. ನನಗೆ ಒಳಗೆ ದೊಂಬರಾಟ, ಇವರು ಹೊಟ್ಟೆ ಮೇಲೆ ಕೈಯಿಟ್ಟರೆ ಏನೂ ಇಲ್ಲ. ಒಂದು ಗಂಟೆ ರಾತ್ರಿವರೆಗೆ ಕೈಯಿಟ್ಟು ಕಾದರು. ಹಾಗೇ ನಿದ್ದೆ ಹೋದರು, ಗೊರಕೆ ಬೇರೆ. ನಾನೊಬ್ಬಳೇ ಬೆಳತನಕ ಆಟ ನೋಡಿದ ಹಾಗಾಯಿತು.

ಅತ್ತೆ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಊಟ ಆಯಿತಾ, ಮಾತ್ರೆ ನುಂಗಿದೆಯಾ, ಅವನು ನೀರಿಗೆ ಇಳಿದನಾ. ಈ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. ಸೋಮವಾರ ಮಾತ್ರ ಬೇಗ ಇಡಲಿಲ್ಲ. "ಏನು ಮಾಡ್ತಿದ್ದೀಯ?" ಅಂದರು. ಏನೂ ಇಲ್ಲ ಅತ್ತೆ, ಸುಮ್ನೆ ಹೊಳೆ ನೋಡ್ತಾ ಕೂತಿದ್ದೀನಿ ಅಂದೆ. ಬೈಯುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, "ನಿನ್ನ ಗಂಡ ಹೊಟ್ಟೇಲಿದ್ದಾಗ ಏಳನೇ ತಿಂಗಳಲ್ಲಿ ಎತ್ತಿನ ಗಾಡೀಲಿ ನಮ್ಮಮ್ಮನ ಮನೆಗೆ ಹೋದೆ. ಹೋದವಳೇ ಮೂರು ದಿನ ಬರೀ ನಿದ್ದೆ ಮಾಡಿದೆ ಕಣಮ್ಮ. ನಮ್ಮಮ್ಮ ಮುಟ್ಟಿ ಮುಟ್ಟಿ ನೋಡ್ತಿದ್ಲು, ಜ್ವರ ಬಂದಿದೆಯೇನೋ ಅಂತ." ಆರು ತಿಂಗಳು ಗದ್ದೆ ಕೆಲಸ, ಕೊಟ್ಟಿಗೆ ಕೆಲಸ ಎರಡೂ ಮಾಡಿ ಹೋದವರು ಅವರು. ನಾನು ಮದುವೆಯಾಗಿ ಬಂದು ನಾಲ್ಕು ವರ್ಷದಲ್ಲಿ ಅವರು ಹಗಲು ಮಲಗಿದ್ದನ್ನು ನೋಡಿಲ್ಲ.

ಪಟ್ಟಿಯಲ್ಲಿದ್ದ ಜಾಗಗಳಲ್ಲಿ ನಾವು ಹೋಗಿದ್ದು ಮರವಂತೆಗೆ ಮಾತ್ರ. ಅದೂ ಅದೇ ಆಟೋದಲ್ಲಿ, ಸೋಮವಾರ ಸಂಜೆ ಬಿಸಿಲು ಇಳಿದ ಮೇಲೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ. ಹೊಳೆ ಸಮುದ್ರದ ಇಷ್ಟು ಹತ್ತಿರ ಬಂದು, ಸೇರದೆ, ತಿರುಗಿ ಗಂಗೊಳ್ಳಿವರೆಗೆ ಹೋಗಿ ಆಮೇಲೆ ಸೇರುತ್ತದೆ. ನಾನು ಮರಳಿನ ಮೇಲೆ ಚಪ್ಪಲಿ ಬಿಟ್ಟು ಪಾದ ಒದ್ದೆ ಮಾಡಿಕೊಂಡೆ. ಸಂಜೆಗೆ ಊದಿಕೊಳ್ಳುವ ಕಾಲಿಗೆ ಅದಕ್ಕಿಂತ ಸುಖ ಇಲ್ಲ. ಇವರು ತಮ್ಮ ತಾಯಿಯ ಮಾತು ನೆನೆದು ಹತ್ತು ಅಡಿ ಹಿಂದೆ, ಕೈಕಟ್ಟಿಕೊಂಡು ನಿಂತಿದ್ದರು. ಸಮುದ್ರ ನೋಡಲು ಬಂದ ಅಷ್ಟು ಜನರಲ್ಲಿ ಪ್ಯಾಂಟು ಮಡಿಸದೆ ಶೂ ಹಾಕಿಕೊಂಡು ನಿಂತವರು ಇವರೊಬ್ಬರೇ. ಪೊಲೀಸಿನವರ ಹಾಗೆ ಕಾಣುತ್ತಿದ್ದರು.

ಆಮೇಲೆ ಒಂದು ಅಲೆ ಜಾಸ್ತಿ ಒಳಗೆ ಬಂತು. ನನ್ನ ಮೊಣಕಾಲು ಮುಟ್ಟಿತು, ಕಾಲಡಿಯ ಮರಳು ಜಾರಿತು. ನಾನು ಬೀಳಲಿಲ್ಲ, ಸ್ವಲ್ಪ ತೂರಾಡಿದೆ ಅಷ್ಟೇ. ಆದರೆ ಇವರು ಶೂ ಸಮೇತ ಓಡಿಬಂದರು. ನನ್ನನ್ನು ಹಿಡಿದುಕೊಂಡರು. ಅದರ ಹಿಂದೆ ಬಂದ ಇನ್ನೊಂದು ಅಲೆ ಇವರನ್ನು ಸೊಂಟದವರೆಗೆ ತೋಯಿಸಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಇದು ಸ್ನಾನ ಅಲ್ಲ, ಅಲ್ವಾ?" ಅಂದರು. "ಸೋಪು ಹಾಕಿಲ್ಲವಲ್ಲ ರೀ" ಅಂದೆ. ಮನೆಯಲ್ಲಿ ಹೇಳಬಾರದು ಅಂತ ಅಲ್ಲೇ ಒಪ್ಪಂದ ಆಯಿತು. ವಾಪಸ್ ಬರುವಾಗ ಆಟೋದವನು ಸೀಟಿಗೆ ಗೋಣಿಚೀಲ ಹಾಸಿ ಕೂರಿಸಿದ, ಇವರನ್ನು ಮಾತ್ರ.

ಮಂಗಳವಾರ ವಾಪಸ್ ಬರುವಾಗ ನೀರು ಕುಡಿದೆ. ಒಟ್ಟು ಒಂಬತ್ತು ಸಲ ಟಾಯ್ಲೆಟ್‌ಗೆ ಹೋದೆ. ಹೊಟ್ಟೆ ಒಂದು ಸಲವೂ ಬಿಗಿಯಲಿಲ್ಲ. ಬುಧವಾರ ಬೆಳಗ್ಗೆ ಕೌಂಟರಿನಲ್ಲಿ ಕೂತಿದ್ದೆ.

ಸಂಜೆ ಮನೆಗೆ ಬಂದರೆ ಅತ್ತೆ ಬ್ಯಾಗು ಬಿಚ್ಚಿ ಬಟ್ಟೆ ಒಗೆಯಲು ತೆಗೆದಿದ್ದರು. ಇವರ ಪ್ಯಾಂಟು ಬಚ್ಚಲ ಬಾಗಿಲಿನ ಮೇಲೆ ನೇತಾಡುತ್ತಿತ್ತು. ಸೊಂಟದವರೆಗೆ ಉಪ್ಪಿನ ಬಿಳಿ ಗೆರೆ. ಜೇಬಿನಿಂದ ತೆಗೆದ ಒಂದು ಹಿಡಿ ಮರಳನ್ನು ಅತ್ತೆ ಪೇಪರಿನ ಮೇಲೆ ನೀಟಾಗಿ ಸುರಿದಿಟ್ಟಿದ್ದರು. ಸಾಕ್ಷಿ ಸಮೇತ. ನಾನು ಬೈಗುಳಕ್ಕೆ ತಯಾರಾಗಿ ಅಡುಗೆಮನೆಗೆ ಹೋದೆ. ಅತ್ತೆ ಹಾಲು ಕಾಯಿಸುತ್ತಿದ್ದರು.

ಧರ್ಮಸ್ಥಳಕ್ಕೆ, ಕುಕ್ಕೆಗೆ ಅವರು ಹತ್ತು ಸಲವಾದರೂ ಹೋಗಿರಬಹುದು. ದರ್ಶನ, ಊಟ, ಬಸ್ಸು, ಮನೆ. ಅಲ್ಲಿಂದ ಇನ್ನೊಂದಿಷ್ಟು ದೂರ ಹೋಗಿದ್ದರೆ ಸಮುದ್ರ ಸಿಗುತ್ತಿತ್ತು. ಯಾರೂ ಕರೆದುಕೊಂಡು ಹೋಗಿಲ್ಲ, ಅವರೂ ಕೇಳಿಲ್ಲ.

"ನೀರು ತಣ್ಣಗಿತ್ತಾ?" ಅಂದರು.

ಇಲ್ಲ ಅತ್ತೆ, ಬೆಚ್ಚಗಿತ್ತು ಅಂದೆ. ಮೊಬೈಲ್ ತೆಗೆದು ವೀಡಿಯೋ ಹಾಕಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, ಕನ್ನಡಕ ಇಲ್ಲದ್ದಕ್ಕೆ ಫೋನನ್ನು ತೋಳುದ್ದ ದೂರ ಹಿಡಿದರು. ಅಲೆ ಬಂತು, ಮಗ ಶೂ ಹಾಕಿಕೊಂಡು ಹಿಂದೆ ನಿಂತಿದ್ದ. ಇನ್ನೊಂದು ಅಲೆ ಬಂತು. "ಇಷ್ಟು ಸದ್ದು ಮಾಡುತ್ತಾ?" ಅಂದರು. ಹಾಲು ಉಕ್ಕಿತು, ನಾನು ಓಡಿ ಸ್ಟವ್ ಆರಿಸಿದೆ. ಅತ್ತೆ ಜಾಗ ಬಿಟ್ಟು ಕದಲಲಿಲ್ಲ.

"ಇನ್ನೊಂದ್ಸಲ ಹಾಕು" ಅಂದರು.